ಎರಡು ಗುಂಡಿನ ನಡುವೆ

ನಮ್ಮಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು.
ಯಾರಾದರೂ ಸತ್ತರೆ ಬೆನ್ನುಬೆನ್ನಿಗೆ ಎರಡು.
ನಾನು ಹುಟ್ಟಿದ ದಿನ ಕೋವಿ ಗೋಡೆಯ ಮೇಲೆಯೇ ಇತ್ತು.
ದೂರೆಂದು ಹೇಳುತ್ತಿಲ್ಲ;
ಕಕ್ಕಬ್ಬೆಯಲ್ಲಿ ಅವತ್ತಿನ ಮಳೆಗೆ
ಹಾರಿಸಿದ್ದರೂ ಯಾರಿಗೂ ಕೇಳುತ್ತಿರಲಿಲ್ಲ ಎಂದು
ಬೊಳ್ಳವ್ವತ್ತೆ ಈಗಲೂ ಸಮಾಧಾನ ಮಾಡುತ್ತಾಳೆ.

ಮೊದಲ ಪಾಠ ಚಿಣ್ಣಪ್ಪಜ್ಜನದು.
ಕೈಲ್‌ಪೊಳ್ದಿನ ಮಧ್ಯಾಹ್ನ, ನಳಿಗೆಯ ತೋಕ್‌ಪೂ ತೆಗೆದಿಟ್ಟು
ಆಚೆ ದಿಣ್ಣೆಯಲ್ಲಿ ಅವನು ಮರದ ತುದಿಯ ತೆಂಗಿನಕಾಯಿಗೆ ಗುರಿಯಿಟ್ಟರೆ
ಈಚೆ ಗದ್ದೆಯ ಬದುವಿನಲ್ಲಿ ನಾನು.
ಮೊದಲು ಹೊಗೆ.
ಆಮೇಲೆ ಒಂದು, ಎರಡು, ಮೂರು,
ಆಗ ಸದ್ದು.
ಅಷ್ಟರಲ್ಲಿ ಕಾಯಿ ಒಡೆದಾಗಿರುತ್ತದೆ,
ಅಜ್ಜ ಕೋವಿ ಇಳಿಸಿ ಬೀಡಿಗೆ ಕಡ್ಡಿ ಗೀರಿರುತ್ತಾನೆ,
ನನ್ನ ಕಿವಿಯಲ್ಲಿ ಮಾತ್ರ ಗುಂಡು ಈಗಷ್ಟೇ ಹಾರುತ್ತದೆ.

ಮುಂದಿನ ಮೂವತ್ತನಾಲ್ಕು ವರ್ಷ ಸಂಬಳ ತೆಗೆದುಕೊಂಡದ್ದು ಇದಕ್ಕೇ:
ಹೊಗೆ ನೋಡುವುದು, ಎಣಿಸುವುದು.

ಆರು ತಿಂಗಳು ಆಕಾಶವೇ ಇಲ್ಲದ ಊರಿನವಳು
ಕಾವಲೂರಿನ ಗುಮ್ಮಟದಡಿ ಕೂತೆ.
ರಾತ್ರಿ ಎರಡಕ್ಕೆ ಚಹಾ ತರುವ ಮುನಿಸಾಮಿ
ಫ್ಲಾಸ್ಕಿನ ಮುಚ್ಚಳ ತಿರುವುತ್ತಾ ಕೇಳುತ್ತಿದ್ದ:
‘ಇವತ್ತು ಯಾರು ಹೋದರಮ್ಮ?’

ಒಮ್ಮೆ ಹೊಸ ಚುಕ್ಕೆಯೊಂದನ್ನು ಕಂಡು ಎಲ್ಲರಿಗೂ ಸುದ್ದಿ ಕಳಿಸಿದೆ.
ಅದು ದಾರಿಹೋಕ ಕ್ಷುದ್ರಗ್ರಹ.
ಸಾವಿನ ಮನೆಗೆ ಹೋಗಿ ಅತ್ತು ಬಂದ ಮೇಲೆ
ಸತ್ತವನು ಸಂತೆಯಲ್ಲಿ ಎದುರಾಗಿ ನಕ್ಕ ಹಾಗೆ.

ನಿಜವಾಗಿ ಸತ್ತವು ಹಾಗಲ್ಲ. ಅವು ನಿಧಾನ.
ನಿಕ್ಕೆಲ್ಲು ಕೋಬಾಲ್ಟಾಗಿ, ಕೋಬಾಲ್ಟು
ಎಪ್ಪತ್ತೇಳು ದಿನಕ್ಕೊಮ್ಮೆ ಅರ್ಧಕ್ಕರ್ಧ ಕರಗಿ
ಕೊನೆಗೆ ಕಬ್ಬಿಣ.
ಗ್ರಾಫ್ ಹಾಳೆಯ ಮೇಲೆ ಆ ಇಳಿಜಾರು
ತಡಿಯಂಡಮೋಳಿನ ಬೆನ್ನಿನಂತೆ ಬಂತು; ಕಣ್ಣು ಮುಚ್ಚಿ ಎಳೆಯಬಲ್ಲೆ.
ಪರಿಶೀಲಕ ಬರೆದ: ರೇಖೆ ಚೆನ್ನಾಗಿದೆ, ದತ್ತಾಂಶ ಸಾಲದು.
ಮೋಡದ ರಾತ್ರಿಗಳ ಖಾಲಿ ಕಾಲಮ್ಮುಗಳನ್ನು
ಅವನಿಗೆ ಹೇಗೆ ಕಳಿಸಲಿ?

ಎಂಬತ್ತೇಳರ ಫೆಬ್ರವರಿ.
ದಕ್ಷಿಣದಂಚಿನಲ್ಲಿ, ಬರೀ ಎಂಟು ಡಿಗ್ರಿ ಎತ್ತರದಲ್ಲಿ,
ಗಂಧದ ಮರಗಳ ತಲೆಗೆ ತಗುಲಿದಂತೆ
ಒಂದು ಸಾವು ಬರಿಗಣ್ಣಿಗೆ ಕಂಡಿತು,
ಒಂದು ಲಕ್ಷ ಅರವತ್ತು ಸಾವಿರ ವರ್ಷ ತಡವಾಗಿ.
ಬೆಳಕಿಗಿಂತ ಕೆಲವು ಗಂಟೆ ಮೊದಲೇ
ನ್ಯೂಟ್ರಿನೋಗಳು ನಮ್ಮೆಲ್ಲರ ಮೈ ಹಾದು ಹೋಗಿದ್ದವೆಂದು
ಆಮೇಲೆ ತಿಳಿಯಿತು. ನೆಲದಡಿಯ ನೀರಿನ ತೊಟ್ಟಿಗಳಷ್ಟೇ
ಅವನ್ನು ಕೇಳಿಸಿಕೊಂಡಿದ್ದವು.
ಉಳಿದವರು ಸಮೀಕರಣ ತಿದ್ದಿಕೊಂಡರು.
ನನಗೆ ಮೈ ಜುಮ್ಮೆಂದಿತು:
ಅಲ್ಲೂ ಎರಡೇ.

ಅಜ್ಜನ ಎರಡು ಗುಂಡು ನನ್ನನ್ನು ಮುಟ್ಟಲು
ಮೂರು ದಿನ ಹಿಡಿಯಿತು. ತಂತಿಯಾಗಿ ಬಂತು, ಸಹಿ ಹಾಕಿ ಪಡೆದೆ.
ಆ ಮೂರು ದಿನ ನನ್ನ ಲೆಕ್ಕದಲ್ಲಿ ಅವನಿದ್ದ,
ಕಡ್ಡಿ ಗೀರುತ್ತಾ.

ಈಗ ನಾಪೋಕ್ಲು ಪೇಟೆಯಲ್ಲಿ ಮೆಣಸಿನ ವ್ಯಾಪಾರಿ ಕೇಳುತ್ತಾನೆ:
‘ಆರಿದ್ರಾ ನಕ್ಷತ್ರ ಸಿಡಿಯುತ್ತಂತೆ, ಯಾವಾಗ?’
ಇವತ್ತು ರಾತ್ರಿ, ಇಲ್ಲವೇ ಲಕ್ಷ ವರ್ಷಕ್ಕೆ ಅಂದರೆ
‘ನೀವೂ ಹವಾಮಾನದವರ ಹಾಗೇ’ ಎಂದು ತಕ್ಕಡಿ ಎತ್ತಿದ.
ಆರಿದ್ರಾ ಮಳೆಯಲ್ಲೇ ಸಿಡಿದುಬಿಟ್ಟರೆ?
ಅದು ಸೂರ್ಯನ ಹಿಂದೆ, ಸೂರ್ಯ ಮೋಡದ ಹಿಂದೆ,
ನಾನು ಕಂಬಳಿಯೊಳಗೆ.

ಹೋದ ತಿಂಗಳು ತಮ್ಮ ಉತ್ತಯ್ಯನ ಮಗಳು ಪೂವಿ ಹೆತ್ತಳು. ಹೆಣ್ಣು.
ಉತ್ತಯ್ಯ ಅಜ್ಜನ ಕೋವಿ ಇಳಿಸಿ ಎಣ್ಣೆಬಟ್ಟೆಯಲ್ಲಿ ನಳಿಗೆ ಒರೆಸುತ್ತಿದ್ದ.
ಈ ಕಬ್ಬಿಣ ಎಲ್ಲಿಯದು ಗೊತ್ತಾ ಅಂದೆ.
‘ಗೊತ್ತು ಮಾರಾಯ್ತಿ, ಎಷ್ಟು ಸಲ’ ಅಂದ.
ಬೊಳ್ಳವ್ವತ್ತೆ ಒಳಗಿನಿಂದಲೇ ಕೂಗಿದಳು:
‘ಒಂದೇ ಹಾರಿಸು! ಎರಡಾದರೆ ಊರೆಲ್ಲ ಅಳುತ್ತಾ ಬಂದೀತು.’

ನಾನು ಈಚೆ ಬದುವಿಗೆ ಇಳಿದು ನಿಂತೆ.
ಹೊಗೆ.
ಒಂದು, ಎರಡು, ಮೂರು.
ಸದ್ದು ಬೆಟ್ಟಕ್ಕೆ ತಾಗಿ ಮರಳಿ ಹೋಯಿತು.
ಗದ್ದೆಯಲ್ಲಿದ್ದವರು ಸೊಂಟ ನೆಟ್ಟಗೆ ಮಾಡಿ
ಕತ್ತಿ ಹಿಡಿದ ಕೈ ಹಾಗೇ ನಿಲ್ಲಿಸಿ, ಕಿವಿಗೊಟ್ಟು
ಕಾದರು.

ಎರಡನೆಯದು ಬರಲಿಲ್ಲ.